ಅಂಗಿಯ ಎರಡನೆಯ ಸೀಳು

ಡಂಗುರ ಹೀಗಿತ್ತು: "ಹೊಳೆಯ ಕಡವಿನಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತಿರುವ ರಕ್ಕಸನನ್ನು ಬರಿ ಕತ್ತಿ ಕೊಲ್ಲದು, ಬರಿ ಮಂತ್ರವೂ ಕೊಲ್ಲದು. ಎರಡನ್ನೂ ಒಟ್ಟಿಗೆ ಆಡಿಸಬಲ್ಲವನು ಅರಮನೆಗೆ ಬರಲಿ. ರಾಣಿ ಬಾಚಲದೇವಿ ಒಗಟು ಕೇಳುತ್ತಾರೆ. ಕೊಟ್ಟ ಉತ್ತರವನ್ನೇ ನಂಬಿಕೊಂಡು ಮರುದಿನ ಬೆಳಗ್ಗೆ ಕಡವಿಗೆ ಇಳಿಯಬೇಕು. ಗೆದ್ದವನಿಗೆ ಸೇನಾಪತಿಯ ಪಟ್ಟ."

ಸೋತವನಿಗೆ ಏನೆಂದು ಡಂಗುರದವನು ಹೇಳಲಿಲ್ಲ. ರಾಣಿಯ ಅಣ್ಣನೂ ಅವನ ಹಿಂದೆ ಎಂಟು ಮಂದಿಯೂ ಅಲ್ಲಿ ಸತ್ತಿದ್ದು ಎಲ್ಲರಿಗೂ ಗೊತ್ತಿತ್ತು.

ಮೊದಲು ಬಂದವನು ಕತ್ತಿವರಸೆಯ ಅಂಕೆನಾಯಕ. ರಾಣಿ ಕೇಳಿದಳು: "ಒಂದು ಉಸಿರಿಗೆ ಒಂದೇ ಕೆಲಸ. ಮಂತ್ರ ಹೇಳಬೇಕು, ಇಲ್ಲವೇ ಕತ್ತಿ ಬೀಸಬೇಕು. ರಕ್ಕಸ ಎರಡನೆಯ ಉಸಿರಿಗೆ ಬಿಡುವುದಿಲ್ಲ. ಒಂದೇ ಉಸಿರಿನಲ್ಲಿ ಎರಡೂ ಆಗುವುದು ಹೇಗೆ?"

"ಬೇಗ ಬೇಗ ಮಾಡಿದರಾಯಿತು, ತಾಯಿ."

ಮರುದಿನ ಮಧ್ಯಾಹ್ನ ಹೊಳೆಯಲ್ಲಿ ತೇಲಿಕೊಂಡು ಅವನ ಅಂಗಿಯಷ್ಟೇ ಬಂತು.

ಆಮೇಲೆ ಮಂತ್ರವಾದಿ ಶಂಭುಜೀಯ. ಅವನಿಗೆ ಎರಡನೆಯ ಒಗಟು: "ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಮಂತ್ರಕ್ಕೆ ಬರಿಗೈಯ ಮುದ್ರೆ ಬೇಕು. ಯಾವ ಕೈ ಬಿಡುವು ಮಾಡುತ್ತೀರಿ?"

"ಕತ್ತಿ ಕೆಳಗಿಡುತ್ತೇನೆ. ಒಂದು ಕ್ಷಣ ತಾನೇ?"

ಅದನ್ನು ಮತ್ತೆ ಎತ್ತಿಕೊಳ್ಳಲು ಅವನಿಗೆ ಆಗಲಿಲ್ಲ.

ಸತ್ತವರ ಬಟ್ಟೆಯನ್ನು ಒಗೆದು ಮನೆಯವರಿಗೆ ಒಪ್ಪಿಸುವುದು ಆ ನಾಡಿನ ರೂಢಿ. ಕಡವು ತಪ್ಪಿದ್ದರಿಂದ ಹಿತ್ತಲ ಬಾವಿಯಲ್ಲೇ ಒಗೆದು ಹನ್ನೊಂದನೆಯ ಅಂಗಿಯನ್ನು ಒಪ್ಪಿಸಿದ ದಿನ ಮಡಿವಾಳರ ಕರಿಬೊಮ್ಮ ಅರಮನೆಯ ಮುಂಬಾಗಿಲಿಗೆ ಬಂದ.

"ಬಟ್ಟೆ ಗಂಟು ಕೊಡುವುದು ಹಿಂಬಾಗಿಲ ಹತ್ತಿರ ಕಣಪ್ಪ" ಎಂದ ಕಾವಲುಗಾರ.

"ಗಂಟು ತಂದಿಲ್ಲ. ಹನ್ನೆರಡನೆಯದು ಒಗೆಯಲು ನನಗೆ ಮನಸ್ಸಿಲ್ಲ."

ಅವನನ್ನು ಒಳಗೆ ಕರೆಸಿ ರಾಣಿ ಕೇಳಿದಳು: "ಯಾವ ಮಂತ್ರ ಬರುತ್ತದೆ?"

"ಬಟ್ಟೆ ಬೇಯಿಸುವ ಉಬ್ಬೆಯ ಒಲೆ ಹೊತ್ತಿಸುವುದು ಒಂದೇ, ತಾಯಿ."

ಸಭೆಯಲ್ಲಿ ಯಾರೋ ನಕ್ಕರು. ರಾಣಿ ನಗದೆ ಮೊದಲ ಎರಡು ಒಗಟುಗಳನ್ನೂ ಹೇಳಿದಳು.

"ಬಟ್ಟೆ ಎತ್ತುವಾಗ ಉಸಿರು ಎಳೆದುಕೊಳ್ಳುತ್ತೇವೆ, ಕಲ್ಲಿಗೆ ಬೀಳುವಾಗ 'ಹುಶ್' ಅಂತ ಬಿಡುತ್ತೇವೆ. ಆ ಉಸಿರು ಹೇಗೂ ಹೋಗುವುದೇ. 'ಹುಶ್' ಬದಲು ಆ ಒಲೆಯ ಮಂತ್ರ ಹೇಳಿದರೆ ಬೆಂಕಿ ಅಲಗಿನ ಮೇಲೆಯೇ ಇಳಿಯುತ್ತದೆ. ಇನ್ನು ಎರಡನೆಯದು. ಹರಿವ ನೀರಿನಲ್ಲಿ ಜಾಲಿಸುವಾಗ ಬಟ್ಟೆಯ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತೇವೆ. ಬೆರಳು ಬಿಟ್ಟರೂ ಬಟ್ಟೆ ಹೋಗುವುದಿಲ್ಲ. ಕತ್ತಿಯ ಹಿಡಿಗೂ ಒಂದು ದಾರ ಕಟ್ಟಿಕೊಂಡರೆ, ಬಿಟ್ಟು ಮುದ್ರೆ ಮಾಡಿ ಮತ್ತೆ ಹಿಡಿಯಬಹುದು."

ಈಗ ಯಾರೂ ನಗಲಿಲ್ಲ. ರಾಣಿಯ ದನಿ ತಗ್ಗಿತು.

"ಇದು ಮೂರನೆಯದು. ಮಂತ್ರದಿಂದ ಮೈಗೆ ಕಟ್ಟಿಕೊಂಡ ರಕ್ಷೆಯನ್ನು ಮನಸ್ಸು ಹಿಡಿದಿರಬೇಕು. ಏಟು ಬಿದ್ದರೆ ಮನಸ್ಸು ಅಲುಗುತ್ತದೆ, ರಕ್ಷೆ ಒಡೆಯುತ್ತದೆ. ಒಡೆಯದಂತೆ ಹಿಡಿಯುವುದು ಹೇಗೆ?"

ಕರಿಬೊಮ್ಮ ತಲೆಯಾಡಿಸಿದ. "ಆಗುವುದಿಲ್ಲ, ತಾಯಿ."

"ಇದೂ ಒಂದು ಉತ್ತರವೇ?" ಎಂದ ಮಂತ್ರಿ.

"ಮೊನ್ನೆಯ ಇಬ್ಬರ ಅಂಗಿಯಲ್ಲಿ ಒಂದೊಂದೇ ಸೀಳು. ಅವರಿಗೆ ರಕ್ಷೆ ಕಟ್ಟಲೂ ಪುರುಸೊತ್ತಾಗಲಿಲ್ಲ. ಉಳಿದ ಒಂಬತ್ತರಲ್ಲಿ ಎರಡೆರಡು. ಮೊದಲನೆಯದು ಚಿಕ್ಕದು, ಅದರಿಂದ ಯಾರೂ ಸಾಯುವುದಿಲ್ಲ. ಎರಡನೆಯದು ಅದರ ಪಕ್ಕದಲ್ಲೇ, ನೆಟ್ಟಗೆ. ನಿಂತಲ್ಲೇ ನಿಂತವನಿಗೆ ಮಾತ್ರ ಹಾಗೆ ಬೀಳುತ್ತದೆ. ಒಡೆದ ರಕ್ಷೆಯನ್ನು ಮತ್ತೆ ಕಟ್ಟಲು ನಿಂತಿದ್ದರು. ಒಡೆದದ್ದನ್ನು ಬಿಟ್ಟುಬಿಡಬೇಕು, ಹೊಡೆಯಬೇಕು."

"ಒಂಬತ್ತರಲ್ಲೂ?"

"ಅಣ್ಣನವರದ್ದರಲ್ಲೂ, ತಾಯಿ."

ರಾಣಿ ಸಿಂಹಾಸನದಿಂದ ಇಳಿದು ಬಂದು ಅವನಿಗೆ ರಕ್ಷೆಯ ಮಂತ್ರವನ್ನು ತಾನೇ ಹೇಳಿಕೊಟ್ಟಳು.

ಬೆಳಗ್ಗೆ ಊರೆಲ್ಲ ಕೋಟೆಯ ಗೋಡೆಯ ಮೇಲಿತ್ತು. ರಕ್ಕಸನ ಮೊದಲ ಏಟು ಕರಿಬೊಮ್ಮನ ಎಡ ಭುಜಕ್ಕೆ ಬಿತ್ತು. ಮೈ ಸುತ್ತಲಿದ್ದ ಬೆಳಕು ಆರಿದ್ದು ಎಲ್ಲರಿಗೂ ಕಂಡಿತು. ರಾಣಿ ಕಣ್ಣು ಮುಚ್ಚಿದಳು. ಅಣ್ಣ ನಿಂತುಬಿಟ್ಟದ್ದು ಹೀಗಾದಾಗಲೇ.

ಅವನು ನಿಲ್ಲಲಿಲ್ಲ. ಬೆರಳು ಬಿಟ್ಟ, ಕತ್ತಿ ಮಣಿಕಟ್ಟಿನಲ್ಲಿ ತೂಗಿತು, ಮುದ್ರೆ ಮುಗಿದ ಕೂಡಲೇ ಹಿಡಿ ಮತ್ತೆ ಅಂಗೈಯಲ್ಲಿತ್ತು. ಮೂರು ತಿಂಗಳಿಂದ ಕಡವಿನಲ್ಲಿ ಕೇಳದಿದ್ದ ಸದ್ದು, ಒಗೆಯುವವನು ಬಿಡುವ ಉಸಿರು, ಗೋಡೆಯವರೆಗೂ ಕೇಳಿಸಿತು. ಬೆಂಕಿ ಕತ್ತಿಯ ಜೊತೆಗೇ ಇಳಿಯಿತು.

ರಾಣಿ ಕಣ್ಣು ತೆರೆದಾಗ ರಕ್ಕಸ ನೀರಿನಲ್ಲಿ ಬಿದ್ದಿದ್ದ.

ಅಂದೇ ಪಟ್ಟವಾಯಿತು. ಸೇನಾಪತಿಯ ಕತ್ತಿ ಕೊಡುವ ಮೊದಲು ರಾಣಿ ಅದರ ಹಿಡಿಗೆ ತಾನೇ ದಾರ ಕಟ್ಟಿದಳು. ಅವನ ಭುಜದ ಮೇಲಿನ ಸೀಳನ್ನು ನೋಡಿದಳು. ಒಂದೇ ಇತ್ತು.

"ಅಂಗಿ ಬಿಚ್ಚಿಕೊಡು, ಯಾರಾದರೂ ಒಗೆದು ತರುತ್ತಾರೆ."

"ಬೇಡ ತಾಯಿ" ಎಂದ ಕರಿಬೊಮ್ಮ. "ನಾನೇ ಒಗೆದುಕೊಳ್ಳುತ್ತೇನೆ. ಕಲ್ಲು ಈಗ ಖಾಲಿಯಿದೆ."