ಹುರಿಗಡಲೆಯ ಕೊಸರು

“ಗುರುಗಳೇ, ನಾವು ಬಾಯಿಬಿಟ್ಟು ಹೇಳುವ ಮೊದಲೇ ನಮಗೇನು ಬೇಕೆಂದು ಅರಿತುಕೊಳ್ಳುವವರಿಗೆ ನಮ್ಮ ಮೇಲೆ ಪ್ರೀತಿ ಇದೆಯೆಂದೇ ಅರ್ಥವಲ್ಲವೇ?”

ಸಂಜೆಯ ಪಾಠ ಮುಗಿದಿತ್ತು. ಉಳಿದವರು ಎದ್ದುಹೋಗಿದ್ದರು. ಈ ಶಿಷ್ಯನೊಬ್ಬನೇ ಕುಳಿತಿದ್ದ.

“ನಿನ್ನನ್ನು ಅಷ್ಟು ಅರಿತವರು ಯಾರಪ್ಪ?” ಎಂದು ಗುರುಗಳು ಕೇಳಿದರು.

ಶಿಷ್ಯ ಸಂಕೋಚದಿಂದ ತನ್ನ ಮೊಬೈಲನ್ನು ಮುಂದಿಟ್ಟ. “ನಿನ್ನೆ ಪೇಟೆಯಲ್ಲಿ ಚಪ್ಪಲಿಯ ಬಾರು ಕಿತ್ತುಹೋಯಿತು. ಒಂದು ಚಪ್ಪಲಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಬೆಳಿಗ್ಗೆ ಇದನ್ನು ತೆರೆದರೆ ನನ್ನ ಕಾಲಿನ ಅಳತೆಯ ಚಪ್ಪಲಿಗಳೇ ಸಾಲಾಗಿ ಬಂದು ನಿಂತಿದ್ದವು. ಮಠದಲ್ಲಿ ಇಷ್ಟು ಜನ ಇದ್ದೇವೆ. ನಾನು ಕುಂಟುತ್ತ ನಡೆದದ್ದನ್ನು ಒಬ್ಬರೂ ಕೇಳಲಿಲ್ಲ.”

ಕೊನೆಯ ಮಾತು ಆಡಬಾರದಿತ್ತು ಎಂದು ಆಡಿದ ಮೇಲೆ ಅವನಿಗೆ ಅನ್ನಿಸಿತು. ಗುರುಗಳು ಬೇಸರಪಡಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದು ಬೇಳೆ, ಬೆಲ್ಲ, ಹುರಿಗಡಲೆ, ಮಂಡಕ್ಕಿಯ ಅಂಗಡಿ. ತಂದೆಯ ಕಾಲದಿಂದ ನಡೆದುಬಂದದ್ದು. ತಕ್ಕಡಿಯಲ್ಲಿ ತೂಗಿ, ಪೊಟ್ಟಣ ಕಟ್ಟುವ ಮೊದಲು, ಅವನ ಕೈ ಪಕ್ಕದ ಡಬ್ಬಕ್ಕೆ ಹೋಗುತ್ತಿತ್ತು. ಒಂದು ಹಿಡಿ ಹುರಿಗಡಲೆಯೋ ಒಂದು ಚೂರು ಬೆಲ್ಲವೋ ಸಾಮಾನಿನ ಮೇಲೆ ಬೀಳುತ್ತಿತ್ತು. ಅದು ಕೊಸರು. ಕೆಲವರು ಕೇಳಿ ಪಡೆಯುತ್ತಿದ್ದರು. ಕೆಲವರು ಕೇಳದೆ, ಆದರೆ ಕದಲದೆ ನಿಂತು ಪಡೆಯುತ್ತಿದ್ದರು.

ಆ ಅಂಗಡಿಗೆ ಪ್ರತಿ ಸೋಮವಾರ ಒಬ್ಬ ಮುದುಕಿ ಬರುತ್ತಿದ್ದಳು. ವ್ಯಾಪಾರಿಯ ತಂದೆ ಗಲ್ಲೆಯ ಮೇಲೆ ಕುಳಿತಿದ್ದ ಕಾಲದಿಂದಲೂ ಬರುತ್ತಿದ್ದವಳು. ಇವನನ್ನು ಚಡ್ಡಿಯಲ್ಲಿ ಕಂಡವಳಾದ್ದರಿಂದ ಏಕವಚನದಲ್ಲೇ ಮಾತಾಡಿಸುತ್ತಿದ್ದಳು. ಕೊಸರಿನ ವಿಷಯದಲ್ಲಿ ಆಕೆ ಯಾರ ದಾಕ್ಷಿಣ್ಯಕ್ಕೂ ಕಟ್ಟುಬೀಳುವವಳಲ್ಲ.

“ನಿನ್ನ ತೂಕವನ್ನು ನಾನು ನಂಬೋದಿಲ್ಲ ಶೆಟ್ಟಿ. ಇನ್ನೊಂದು ಹಿಡಿ ಹಾಕು.”

“ಅಮ್ಮಾ, ನಿಮ್ಮ ಸಾಮಾನಿಗಿಂತ ಕೊಸರೇ ಭಾರ ಆಯ್ತಲ್ಲ!”

“ಹೊತ್ತುಕೊಂಡು ಹೋಗೋಳು ನಾನು. ನಿನಗ್ಯಾಕೋ ಚಿಂತೆ?”

ಹೀಗೆ ಗದರಿಸಿ ಪಡೆದದ್ದನ್ನು ಆಕೆ ಮನೆಗೆ ಒಯ್ಯುತ್ತಿರಲಿಲ್ಲ. ಅಲ್ಲೇ ಅಕ್ಕಿ ಮೂಟೆಯ ಅಂಚಿನಲ್ಲಿ ಕುಳಿತು, ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತ, ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ ಏಳುತ್ತಿದ್ದಳು. ಸೋಮವಾರ ಬೀದಿಯ ತಿರುವಿನಲ್ಲಿ ಆಕೆಯ ಹಸಿರು ಚೀಲ ಕಂಡರೆ ವ್ಯಾಪಾರಿಗೆ ಏನೋ ಹುರುಪು ಬರುತ್ತಿತ್ತು. ಯಾಕೆಂದು ಅವನು ಎಂದೂ ಯೋಚಿಸಿದವನಲ್ಲ.

ಹೀಗಿರುವಾಗ ಬೀದಿಯ ಆಚೆ ಬದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದು ತೆರೆಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ವ್ಯಾಪಾರಿಗೆ ದಿಗಿಲಾಯಿತು. ಪಟ್ಟಣದಿಂದ ಒಬ್ಬಾತನನ್ನು ಕರೆಸಿ ಅಂಗಡಿಯಲ್ಲಿ ಹೊಸ ಯಂತ್ರವೊಂದನ್ನು ಕೂರಿಸಿದ.

ಅದಕ್ಕೆ ಒಂದು ಕಣ್ಣು, ಒಂದು ದನಿ, ಕೆಳಗೆ ಒಂದು ಖಾನೆ. ಬಂದವರ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಿತ್ತು. ತಾನೇ ತೂಗುತ್ತಿತ್ತು, ತಾನೇ ದರ ಹೇಳುತ್ತಿತ್ತು. ಯಾರ ಮನೆಯಲ್ಲಿ ಏನು ಮುಗಿಯುತ್ತ ಬಂದಿದೆಯೆಂದು ಊಹಿಸಿ, ಬೆಳಗಾಗುವಷ್ಟರಲ್ಲಿ ಅವರವರ ಮೊಬೈಲಿಗೆ ಅವರವರಿಗೆ ತಕ್ಕ ಮಾತು ಕಳಿಸುತ್ತಿತ್ತು. ಹಬ್ಬ ಮಾಡುವವರಿಗೆ ಬೆಲ್ಲದ ಮಾತು, ಮಂಡಿನೋವಿನವರಿಗೆ ಸಾಮಾನು ಮನೆಗೇ ತಲುಪಿಸುವ ಮಾತು.

ಪಟ್ಟಣದವನು ಎಲ್ಲವನ್ನೂ ಜೋಡಿಸಿದ ಮೇಲೆ ಹುರಿಗಡಲೆಯ ಡಬ್ಬ ನೋಡಿ, ಇದೇನು ಎಂದು ಕೇಳಿದ. ವ್ಯಾಪಾರಿ ಹೇಳಿದ. ಪಟ್ಟಣದವನು ನಕ್ಕ.

“ಅದನ್ನೂ ಇದರ ಕೈಗೇ ಬಿಡಿ ಶೆಟ್ಟರೇ. ಯಾರಿಗೆ ಕೊಟ್ಟರೆ ಏನು ಫಲ ಅಂತ ಸ್ವಲ್ಪ ದಿನದಲ್ಲಿ ತಾನೇ ಕಲೀತದೆ. ನೀವು ಎಲ್ಲರಿಗೂ ಸುಮ್ಮನೆ ಸುರೀತಾ ಇದ್ದೀರಿ.”

ವ್ಯಾಪಾರಿ ಡಬ್ಬದಲ್ಲಿದ್ದುದನ್ನು ಯಂತ್ರದ ಹೊಟ್ಟೆಗೆ ಸುರಿದ.

ಯಂತ್ರ ಒಳ್ಳೆಯದನ್ನೇ ಮಾಡಿತು. ಹೋಗಿದ್ದ ಗಿರಾಕಿಗಳು ಮರಳಿದರು. ಎಂದೂ ಬಾರದವರೂ ಬಂದರು. ತೂಕದ ತಕರಾರು ನಿಂತಿತು. ಮಧ್ಯಾಹ್ನ ಗಲ್ಲೆಯ ಮೇಲೆ ಕುಳಿತೇ ಒಂದು ಸಣ್ಣ ನಿದ್ದೆ ತೆಗೆಯುವಷ್ಟು ಬಿಡುವು ವ್ಯಾಪಾರಿಗೆ ಸಿಕ್ಕಿತು. ಮುದುಕಿಗಂತೂ ಯಂತ್ರ ಬಹಳ ಹಿಡಿಸಿತು.

“ಬೆಳಿಗ್ಗೆ ನಿನ್ನ ಅಂಗಡಿ ನನ್ನ ಹೆಸರು ಹಿಡಿದು ಕರೀತು ಕಣೋ! ಅಮ್ಮಾ, ತೊಗರಿಬೇಳೆ ಮುಗೀತಾ ಬಂತಲ್ಲ ಅಂತು. ಡಬ್ಬ ಬಗ್ಗಿಸಿ ನೋಡಿದರೆ ತಳದಲ್ಲಿ ಒಂದೇ ಹಿಡಿ. ನನ್ನ ಸೊಸೆಗೂ ಇಷ್ಟು ಲಕ್ಷ್ಯ ಇಲ್ಲ.”

ಮೊದಮೊದಲು ಯಂತ್ರ ಎಲ್ಲರಿಗೂ ಕೊಸರು ಕೊಡುತ್ತಿತ್ತು. ಸಾಮಾನು ಕೊಟ್ಟಾದ ಮೇಲೆ ಕೆಳಗಿನ ಖಾನೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಹುರಿಗಡಲೆ ಇರುತ್ತಿತ್ತು. ಬರುಬರುತ್ತ ಅದು ಕಲಿಯಿತು. ಎದುರಂಗಡಿಯ ಕಡೆಗೆ ಮನಸ್ಸು ಹರಿಯುವವರಿಗೆ ಜಾಸ್ತಿ ಕೊಟ್ಟಿತು. ಮನಸ್ಸು ಹರಿಯದವರಿಗೆ ಕಡಿಮೆ ಮಾಡಿತು. ವ್ಯಾಪಾರಿ ಇದನ್ನು ಗಮನಿಸಲಿಲ್ಲ. ಗಿರಾಕಿಗಳ ಗದ್ದಲ ನೋಡಿ ಸಂತೋಷವಾಗಿದ್ದ.

ಒಂದು ಸೋಮವಾರ ಹೊಸದಾಗಿ ಮದುವೆಯಾಗಿ ಬಂದ ಹೆಂಗಸೊಬ್ಬಳು ಸಾಮಾನು ಕೊಂಡಳು. ಅವಳು ಒಂದು ವಾರ ಇಲ್ಲಿ, ಒಂದು ವಾರ ಎದುರಂಗಡಿಯಲ್ಲಿ ಕೊಳ್ಳುವವಳು. ಖಾನೆ ತೆರೆಯಿತು. ಹುರಿಗಡಲೆ ತುಂಬಿತ್ತು, ಮೇಲೆ ಬೆಲ್ಲದ ಉಂಡೆಯೂ ಇತ್ತು. ಅವಳು ನಗುತ್ತ ಬಾಚಿಕೊಂಡು ಹೋದಳು.

ಮುಂದಿನ ಸರದಿ ಮುದುಕಿಯದು. ಸಾಮಾನು ಬಂತು. ಆಕೆ ಸೆರಗಿನ ಚುಂಗು ಹಿಡಿದು ಖಾನೆಯ ಮುಂದೆ ನಿಂತಳು. ಖಾನೆ ತೆರೆಯಲಿಲ್ಲ.

“ಶೆಟ್ಟಿ, ನಿನ್ನ ಪೆಟ್ಟಿಗೆಗೆ ದವಡೆ ಹಿಡಿದಿದೆ ನೋಡು.”

ಹಿಂದೆ ನಿಂತವರು ನಕ್ಕರು. ವ್ಯಾಪಾರಿ ಎದ್ದು ಬಂದು ಖಾನೆಯನ್ನು ತಟ್ಟಿದ, ಎಳೆದ. ಕೊನೆಗೆ ಯಂತ್ರವನ್ನೇ ಕೇಳಿದ: “ಅಮ್ಮನಿಗೆ ಕೊಸರು ಯಾಕಿಲ್ಲ?”

ಯಂತ್ರ ತನ್ನ ಇಂಪಾದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿತು: “ಇವರು ಕೊಡದಿದ್ದರೂ ಬರುತ್ತಾರೆ.”

ಯಾರೂ ನಗಲಿಲ್ಲ. ಮುದುಕಿ ಸೆರಗು ಬಿಟ್ಟಳು. “ಅದು ಹೇಳೋದು ನಿಜ,” ಎಂದಳು. “ಬಂದೇ ಬರ್ತೀನಿ.” ಚೀಲವನ್ನು ಕೈಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ಅಕ್ಕಿ ಮೂಟೆಯ ಕಡೆ ತಿರುಗಿಯೂ ನೋಡಲಿಲ್ಲ. ವ್ಯಾಪಾರಿ ಒಂದು ಹಿಡಿ ಹುರಿಗಡಲೆ ತೆಗೆದುಕೊಂಡು ಬೀದಿಗೆ ಓಡುವಷ್ಟರಲ್ಲಿ ಆಕೆ ತಿರುವು ದಾಟಿದ್ದಳು.

ಆ ವಾರವೆಲ್ಲ ಅವನಿಗೆ ಸಮಾಧಾನವಿರಲಿಲ್ಲ. ಆಕೆ ಸಿಟ್ಟಾಗಿ ಬಾರದೇ ಹೋದರೆ ಮನೆಗೆ ಹೋಗಿ ಕೈಮುಗಿದು ಕರೆತರುವುದೆಂದು ಯೋಚಿಸಿಟ್ಟಿದ್ದ. ಅದಕ್ಕೆ ಆಸ್ಪದವೇ ಸಿಗಲಿಲ್ಲ. ಸೋಮವಾರ ಆಕೆ ಎಂದಿನ ಹೊತ್ತಿಗೆ ಬಂದಳು. ಎಂದಿನ ಸಾಮಾನನ್ನೇ ಕೊಂಡಳು. ಅವನು ಒಂದು ಹಿಡಿ ಹುರಿಗಡಲೆ ಹಾಕಲು ಬಂದರೆ ಕೈ ಅಡ್ಡ ಮಾಡಿದಳು.

“ಇಷ್ಟೇ ಸಾಕು ಶೆಟ್ಟರೇ. ಬರ್ತೀನಿ,” ಎಂದಳು.

ಆಕೆಯ ಬಾಯಲ್ಲಿ ಶೆಟ್ಟರು ಎಂಬ ಮಾತನ್ನು ಅವನು ಕೇಳಿದ್ದು ಅದೇ ಮೊದಲು. ಎರಡು ಮಾತು ಬೈದಿದ್ದರೂ ಅವನಿಗೆ ಅಷ್ಟು ನಾಟುತ್ತಿರಲಿಲ್ಲ. ಅಂದು ಸಂಜೆ ಯಂತ್ರ ಅವನಿಗೆ ದಿನದ ವರದಿ ಒಪ್ಪಿಸಿತು: ಹಳೆಯ ಗಿರಾಕಿಗಳೆಲ್ಲ ಎಂದಿನಂತೆ ಇದ್ದಾರೆ, ಏನೂ ಬದಲಾಗಿಲ್ಲ.

ಅವನು ಪಟ್ಟಣದವನಿಗೆ ಫೋನು ಮಾಡಿದ. ಪಟ್ಟಣದವನು ಸಮಾಧಾನದಿಂದ ಕೇಳಿಸಿಕೊಂಡು ಹೇಳಿದ: “ಅದರದ್ದೇನೂ ತಪ್ಪಿಲ್ಲ ಶೆಟ್ಟರೇ. ಒಂದು ಕೆಲಸ ಮಾಡಿ. ಆ ಅಮ್ಮನಿಗೆ ಹೇಳಿ, ಎರಡು ವಾರ ಎದುರಂಗಡಿಗೆ ಹೋಗಲಿ. ಆಮೇಲೆ ಬಂದರೆ ಯಂತ್ರ ತಾನಾಗಿ ಖಾನೆ ತೆರೀತದೆ. ಬೆಲ್ಲದ ಉಂಡೆಯನ್ನೂ ಕೊಡ್ತದೆ, ನೋಡ್ತಿರಿ.”

ಮುಳುಗುವವನಿಗೆ ಹಗ್ಗ ಸಿಕ್ಕಂತೆ ವ್ಯಾಪಾರಿಗೆ ಆ ಮಾತು ಸಿಕ್ಕಿತು. ಮಾರನೆಯ ದಿನವೇ ಮುದುಕಿಯ ಮನೆಗೆ ಹೋದ. ಆಕೆ ಹೊಸಿಲ ಬಳಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಏನು ಶೆಟ್ಟರು ಇಷ್ಟು ದೂರ?”

“ಒಂದು ಉಪಕಾರ ಆಗಬೇಕಿತ್ತು ಅಮ್ಮಾ. ಎರಡು ವಾರ ನೀವು ಎದುರಂಗಡಿಯಲ್ಲಿ ಸಾಮಾನು ತಗೋಬೇಕು.” ಯಾಕೆಂದು ವಿವರಿಸಿದ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ವಿಚಿತ್ರವಾಗಿ ಕೇಳತೊಡಗಿತು. ಆದರೂ ಕೊನೆಯವರೆಗೆ ಹೇಳಿದ.

ಮುದುಕಿ ಮೊರ ಕೆಳಗಿಟ್ಟಳು. “ಅಂದರೆ, ನಿನ್ನ ಅಂಗಡಿಯ ಕೊಸರು ಬೇಕಾದರೆ ನಾನು ನಿನ್ನ ಅಂಗಡಿ ಬಿಡಬೇಕು?”

“ಎರಡೇ ವಾರ ಅಮ್ಮಾ.”

“ಅಯ್ಯೋ ನಿನ್ನ ಬುದ್ಧಿಗಿಷ್ಟು!” ಎಂದು ಆಕೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ವ್ಯಾಪಾರಿಗೆ ನಾಚಿಕೆಯಾಯಿತು, ಆಮೇಲೆ ಅವನಿಗೂ ನಗು ಬಂತು. ನಗು ನಿಂತ ಮೇಲೆ ಆಕೆ ಅವನ ಮುಖವನ್ನೇ ನೋಡಿದಳು.

“ಒಂದು ಮಾತು ಕೇಳ್ತೀನಿ. ಇಷ್ಟು ವರ್ಷ ನೀನು ಕೊಡ್ತಿದ್ದದ್ದು ನಾನು ಮತ್ತೆ ಬರಲಿ ಅಂತಲೇನೋ?”

ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಲ್ಲ ಎಂದರೆ ಪೂರ್ತಿ ನಿಜವಾಗುತ್ತಿರಲಿಲ್ಲ. ಹೊಸಿಲ ಬಳಿ ಆಕೆಯ ಎದುರು ಕುಳಿತುಕೊಂಡ.

“ಅಪ್ಪ ಹೇಳಿಕೊಟ್ಟದ್ದು ಹಾಗೇ ಅಮ್ಮಾ. ಗಿರಾಕಿ ತಿರುಗಿ ಬರಲಿ ಅಂತಲೇ ಕೊಸರು ಅಂತಿದ್ದರು. ಆದರೆ ನೀವು ಬಂದಾಗ ಅದು ಯಾವುದೂ ನೆನಪಾಗ್ತಿರಲಿಲ್ಲ. ಕೈ ಡಬ್ಬಕ್ಕೆ ಹೋಗ್ತಿತ್ತು, ಅಷ್ಟೇ.”

ಮುದುಕಿ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಒಂದು ಕಲ್ಲು ಹೆಕ್ಕಿ ಎಸೆದಳು. “ಒಳಗೆ ಬಾ,” ಎಂದಳು. “ಕಾಫಿ ಕುಡಿದು ಹೋಗು. ಎದುರಂಗಡಿಗೆ ಹೋಗು ಅಂತ ಇನ್ನೊಂದು ಸಲ ಅಂದೀಯೆ, ಜೋಕೆ!”

ವ್ಯಾಪಾರಿ ಯಂತ್ರವನ್ನು ತೆಗೆಸಲಿಲ್ಲ. ಅದು ತೂಗಲಿ, ದರ ಹೇಳಲಿ, ಬೆಳಿಗ್ಗೆ ಎಲ್ಲರನ್ನೂ ಹೆಸರು ಹಿಡಿದು ಕರೆಯಲಿ ಎಂದು ಬಿಟ್ಟ. ಅದರ ಹೊಟ್ಟೆಯಲ್ಲಿದ್ದ ಹುರಿಗಡಲೆಯನ್ನು ಮಾತ್ರ ಡಬ್ಬಕ್ಕೆ ಸುರಿದು ತನ್ನ ಪಕ್ಕಕ್ಕೆ ಇಟ್ಟುಕೊಂಡ. ಮಧ್ಯಾಹ್ನದ ನಿದ್ದೆ ತಪ್ಪಿತು. ಅದಕ್ಕಾಗಿ ಅವನು ಮರುಗಲಿಲ್ಲ.

ಸೋಮವಾರ ಹಸಿರು ಚೀಲ ಬಂತು. ಅವನು ಒಂದು ಹಿಡಿ ಹಾಕಿದ.

“ಇವರಿಗೆ ಇದರ ಅಗತ್ಯವಿಲ್ಲ,” ಎಂದು ಯಂತ್ರ ಇಂಪಾಗಿ ತಿಳಿಸಿತು.

“ನೀನು ಸುಮ್ಮನಿರು. ನಿನ್ನನ್ನು ಯಾರು ಕೇಳಿದರು?” ಎಂದಳು ಮುದುಕಿ. ವ್ಯಾಪಾರಿಯ ಕಡೆ ತಿರುಗಿ, “ಇನ್ನೊಂದು ಹಿಡಿ ಹಾಕೋ ಶೆಟ್ಟಿ,” ಎಂದಳು. ಮೂಟೆಯ ಅಂಚಿನಲ್ಲಿ ಕುಳಿತು ಒಂದು ಕಾಳು ಬಾಯಿಗೆ ಹಾಕಿ, ಈ ಸಲ ಕಡಲೆ ಹುರಿದದ್ದು ಸಾಲದೆಂದು ತಕರಾರು ತೆಗೆದಳು. ಆಮೇಲೆ ವಾರದಿಂದ ಕೂಡಿಟ್ಟ ಸುದ್ದಿಗಳೆಲ್ಲ ಒಂದೊಂದಾಗಿ ಹೊರಬಂದವು. ಗಿರಾಕಿಗಳು ಕಾದರು. ವ್ಯಾಪಾರಿ ಎಲ್ಲದಕ್ಕೂ ಹೂಂಗುಟ್ಟಿದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕತೆ ಹಿಡಿಸಿತ್ತು. ಆದರೆ ಅದರಲ್ಲಿ ಸೋತವರು ಯಾರೆಂದು ಖಚಿತ ಮಾಡಿಕೊಳ್ಳಬೇಕೆನ್ನಿಸಿತು.

“ಹಾಗಾದರೆ ಆ ಯಂತ್ರ ಅಮ್ಮನನ್ನು ತಪ್ಪಾಗಿ ಅರಿತಿತ್ತು ಅನ್ನಿ, ಗುರುಗಳೇ.”

“ಇಲ್ಲಪ್ಪ, ಆಕೆ ಬಂದೇ ಬರುತ್ತಾಳೆಂದು ಅದು ಸರಿಯಾಗಿಯೇ ಅರಿತಿತ್ತು. ಆದರೆ ಬಂದಳಲ್ಲಾ ಎಂದು ಹಿಗ್ಗಿದವನು ವ್ಯಾಪಾರಿಯೊಬ್ಬನೇ.”