ಬ್ರೇಕು ಸರಿಯಿದೆ

ರಿಪೇರಿಯಾದ ಮರುದಿನವೇ ಪೀರಣ್ಣನ ಆಟೋದ ಬ್ರೇಕು ಕೈಕೊಟ್ಟಿತು. ಅದನ್ನೇ ಮೆಲ್ಲಗೆ ಹತ್ತಿಸಿಕೊಂಡು ಗುಡ್ಡದ ಮೇಲಿನ ಸಾರಿಗೆ ಕಚೇರಿಗೆ ಹೋಗಿ ಗ್ಯಾರೇಜಿನ ಮೇಲೆ ದೂರು ಕೊಟ್ಟ. ತಪಾಸಣೆಯ ಸಾಹೇಬರು ಕುರ್ಚಿ ಬಿಟ್ಟು ಏಳದೆಯೇ ‘ಬ್ರೇಕು ಸರಿಯಿದೆ’ ಎಂದು ವರದಿ ಬರೆದರು.

“ದೂರು ವಾಪಸ್ ತಗೊಂಡು ಸೈನ್ ಹಾಕಯ್ಯ. ಇಲ್ಲಾಂದ್ರೆ ನಿನ್ನ ಪರ್ಮಿಟ್ಟಿಗೇ ಕೈ ಹಾಕ್ತೀನಿ.”

“ಹಾಕ್ತೀನಿ ಸಾರ್,” ಅಂದ ಪೀರಣ್ಣ. “ಊಟದ ಹೊತ್ತಾಯ್ತು, ನನ್ನ ಆಟೋದಲ್ಲೇ ಗುಡ್ಡ ಇಳಿಸಿ ಮನೆಗೆ ಬಿಡ್ತೀನಿ. ನಿಮ್ಮ ಬಾಗಿಲಲ್ಲೇ ಸೈನ್ ಹಾಕ್ತೀನಿ.”

ಸಾಹೇಬರು ಕಿಟಕಿಯಿಂದ ಇಳಿಜಾರು ನೋಡಿದರು. “ನಂಗೆ ಜೀಪಿದೆ.”

“ಹಂಗಾದ್ರೆ ವರದೀಲಿ ಇನ್ನೊಂದು ಸಾಲು ಬರೀರಿ ಸಾರ್. ಜನ ಕೂರಬಹುದು, ಸಾಹೇಬರು ಕೂರೋ ಹಂಗಿಲ್ಲ ಅಂತ.”

ಸಾಹೇಬರು ದೂರನ್ನು ‘ಪರಿಶೀಲನೆಯಲ್ಲಿದೆ’ ಎಂಬ ಕಟ್ಟಿನೊಳಗೆ ತುರುಕಿದರು.

ಪೀರಣ್ಣ ಹೊರಗೆ ಬಂದ. ಆ ಕಚೇರಿಯಲ್ಲಿ ಅವತ್ತು ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು, ಅವನು ಆಟೋ ಗಾಲಿಗೆ ಅಡ್ಡ ಕೊಟ್ಟಿದ್ದ ಕಲ್ಲೊಂದೇ.