ಅಜ್ಜಿ ಎದ್ದುಬಿಟ್ಟ ಆಟ

“ಬುದ್ಧೀ, ಅಷ್ಟು ಜನರ ಮುಂದೆ ನಾನು ಮಾತು ಮರೆತು ಒದ್ದಾಡ್ತಾ ನಿಂತಿದ್ರೆ ನೀವು ಪಕ್ಕದಲ್ಲೇ ಕಣ್ಣು ಮುಚ್ಕೊಂಡು ಕೂತಿದ್ರಲ್ಲ, ಒಂದೇ ಒಂದು ಪದ ಎತ್ತಿಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಹೀಗೆ ಕೇಳಿದವನು ಮರುಳಸಿದ್ಧ. ಮಠದಲ್ಲೇ ಇದ್ದು ಓದ್ತಿದ್ದ ಶಿಷ್ಯ, ಮೀಸೆ ಈಗಷ್ಟೇ ಚಿಗುರ್ತಿತ್ತು. ಅವತ್ತು ಬೆಳಿಗ್ಗೆ ಮೊಟ್ಟಮೊದಲ ಸಲ ಪ್ರವಚನ ಮಾಡು ಅಂತ ಸ್ವಾಮಿಗಳು ಅವನನ್ನ ನಿಲ್ಲಿಸಿದ್ರು. ಅವನೇನು ತಯಾರಾಗದೆ ಬಂದಿರಲಿಲ್ಲ, ಕೊಟ್ಟಿಗೆಯಲ್ಲಿ ಹಸುಗಳ ಮುಂದೆ ನಿಂತು ಹೇಳಿ ಹೇಳಿ, ಕೊನೆಕೊನೆಗೆ ಹಸುಗಳಿಗೂ ಬಾಯಿಪಾಠ ಆಗಿರಬೇಕು, ಅಷ್ಟು ಅಭ್ಯಾಸ ಮಾಡಿದ್ದ. ಆದ್ರೆ ಮೈಕಿನ ಮುಂದೆ ನಿಂತು ಅರ್ಧ ದಾರಿ ಬಂದ ಮೇಲೆ ತಲೆ ಪೂರಾ ಖಾಲಿ. ಸ್ವಾಮಿಗಳ ಕಡೆ ತಿರುಗಿ ನೋಡಿದ, ಅವರ ಕಣ್ಣು ಮುಚ್ಚಿತ್ತು. ಏನೋ ತೊದಲಿ, ಕೈ ಮುಗಿದು, ಇಳಿದುಬಿಟ್ಟ. ಮಧ್ಯಾಹ್ನ ಊಟಕ್ಕೂ ಹೋಗದೆ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ಹಿಂದೆ ಕೂತಿದ್ದು, ಸಂಜೆ ಎದ್ದವನೇ ಒಂದೇ ಉಸಿರಿಗೆ ಸ್ವಾಮಿಗಳ ಹತ್ರ ಬಂದು ಇದನ್ನ ಕೇಳಿಬಿಟ್ಟ. ಕೇಳಿದ ಮೇಲೆ ನಾಲಗೆ ಕಚ್ಕೊಂಡ.

ಸ್ವಾಮಿಗಳು ಕಡ್ಲೆಕಾಯಿ ಸುಲೀತಾ ಕೂತಿದ್ರು. ಸಿಟ್ಟೇನೂ ಮಾಡ್ಕೊಳ್ಳಲಿಲ್ಲ. ಸುಲಿದ ಕಾಳೆಲ್ಲ ಅವನ ಬೊಗಸೆಗೆ ಸುರಿದು, “ಹೊಟ್ಟೆ ಖಾಲಿ ಇದೆ, ಮೊದಲು ತಿನ್ನು ಮರಿ. ಒಂದು ಕತೆ ಹೇಳ್ತೀನಿ, ತಿಂತಾ ಕೇಳು” ಅಂದ್ರು. ಅವರು ಹೇಳಿದ ಕತೆ ಇದು.

ಒಬ್ಬಳು ಅಜ್ಜಿ, ಒಬ್ಬ ತಾತ ಇದ್ರು. ತಾತ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು. ಪೇಟೆಯಿಂದ ಸ್ವಲ್ಪ ದೂರದಲ್ಲಿ ಒಂದು ತುಂಡು ಜಮೀನು ತಗೊಂಡು, ಸಪೋಟ, ಸೀಬೆ ಹಾಕಿ, ಮಧ್ಯದಲ್ಲಿ ಶೀಟಿನ ಎರಡು ಕೋಣೆ ಎಬ್ಬಿಸಿದ್ದ. ವರ್ಷವೆಲ್ಲ ಪೇಟೆಯಲ್ಲಿ ಮಗನ ಮನೆಯಲ್ಲಿ ಇರ್ತಿದ್ರು, ಬೇಸಿಗೆ ರಜ ಬಂತು ಅಂದ್ರೆ ಮೊಮ್ಮಕ್ಕಳನ್ನೆಲ್ಲ ಕಟ್ಕೊಂಡು ಆ ತೋಟದ ಮನೆಗೆ. ಅಪ್ಪ ಅಮ್ಮಂದಿರು ಮಕ್ಕಳನ್ನ ತಂದು ಇಳಿಸಿ, ‘ಗಲಾಟೆ ಮಾಡಬೇಡಿ’ ಅಂತ ಮಕ್ಕಳಿಗೂ ತಾತನಿಗೂ ಸೇರಿಸಿ ಹೇಳಿ ಹೊರಟುಹೋಗೋರು.

ಆಟ ಆಡಿಸೋ ಜವಾಬ್ದಾರಿ ಮೊದಲು ತಾತ ವಹಿಸ್ಕೊಂಡ. ಕೆಲಸ ಬಿಟ್ರೂ ಸೀಟಿ ಬಿಟ್ಟಿರಲಿಲ್ಲ ಆತ. ಅದನ್ನ ಕೊರಳಿಗೆ ಹಾಕ್ಕೊಂಡು, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಉಬ್ಬಿ ಒಂದು ಸೀಟಿ ಊದಿದ. ಮಕ್ಕಳು ಬಾಣದ ಹಾಗೆ ಹೊರಟವು.

“ಏಯ್, ನಿಲ್ಲ್ರೋ, ನಿಲ್ಲ್ರೋ” ಅಂತ ತಾತ ಹಿಂದೆ ಓಡಿದ. “ಯಾರು ಹೊರಡೋಕೆ ಹೇಳಿದ್ದು?”

ದೊಡ್ಡ ಮೊಮ್ಮಗ ಓಂಕಾರ ಏದುಸಿರು ಬಿಡ್ತಾ ತಿರುಗಿ ಬಂದ. “ನೀನೇ ಸೀಟಿ ಊದಿದ್ಯಲ್ಲ ತಾತ.”

“ಒಂದು ಸೀಟಿ ಊದಿದ್ರೆ ನಿಲ್ಲಬೇಕು ಕಣೋ, ಎರಡು ಊದಿದ್ರೆ ಹೊರಡಬೇಕು. ಇಷ್ಟೂ ಗೊತ್ತಿಲ್ವಾ ನಿಮಗೆ?”

“ನಾವೇನು ಬಸ್ಸಾ?”

ಆಮೇಲೆ ಚಮಚದಲ್ಲಿ ನಿಂಬೆಹಣ್ಣು ಇಟ್ಕೊಂಡು ಓಡೋ ಆಟ ಇಟ್ಟ, ಬಿಸಿಲಿಗೆ ಬಾಯಾರಿ ಮಕ್ಕಳು ಆ ನಿಂಬೆಹಣ್ಣನ್ನ ಹಿಂಡಿ ಪಾನಕ ಮಾಡ್ಕೊಂಡು ಕುಡಿದುಬಿಟ್ಟವು. ಗೋಣಿಚೀಲದ ಓಟ ಇಟ್ಟ, ಚೀಲದಲ್ಲಿ ಹಳೇ ಹಿಂಡಿ ಪುಡಿ ಉಳಿದಿತ್ತು, ಎಲ್ಲವೂ ಸೀನ್ತಾ ನಿಂತವು. ತಾತ ಸೀಟಿ ತೆಗೆದು ಮೊಳೆಗೆ ನೇತುಹಾಕಿ, “ನೀನೇ ಏನಾದ್ರೂ ಮಾಡ್ಕೊ ಮಾರಾಯ್ತಿ” ಅಂತ ಹೆಂಡತಿಗೆ ಹೇಳಿ ಸಪೋಟ ಗಿಡಕ್ಕೆ ನೀರು ಬಿಡೋಕೆ ಹೋದ.

ಅಜ್ಜಿ ಏನೂ ಮಾಡಲಿಲ್ಲ. ಮನೆ ಮುಂದಿನ ಕಲ್ಲುಕಟ್ಟೆ ಮೇಲೆ ಹೋಗಿ ಕೂತ್ಕೊಂಡ್ಲು. ಅಷ್ಟೇ, ಕಣ್ಣಾಮುಚ್ಚಾಲೆ ಶುರುವಾಯ್ತು. ಆ ಆಟಕ್ಕೆ ಬೇಕಾಗಿದ್ದೇ ಅದು, ಒಬ್ಬಳು ಅಜ್ಜಿ ಕೂತಿರಬೇಕು. ಕಳ್ಳ ಆದವರು ಬಂದು ಅವಳ ಮಡಿಲಲ್ಲಿ ಮುಖ ಇಡಬೇಕು, ಅವಳು ಕಣ್ಣು ಮುಚ್ಚಿ ಹಾಡು ಹೇಳಿ ಮುಗಿಸೋದ್ರೊಳಗೆ ಉಳಿದವರೆಲ್ಲ ಹೋಗಿ ಅಡಗ್ಕೋಬೇಕು. ಆಮೇಲೆ ಕಳ್ಳ ಹುಡುಕ್ತಾನೆ, ಅವನ ಕೈಗೆ ಸಿಗದೆ ಓಡಿ ಬಂದು ಅಜ್ಜೀನ ಮುಟ್ಟಿದ್ರೆ ಬಚಾವ್. ಸಿಕ್ಕಿಬಿದ್ದವರು ಮುಂದಿನ ಆಟಕ್ಕೆ ಕಳ್ಳ. ಆ ತೋಟದಲ್ಲಿ ಎಲ್ಲರೂ ಓಡ್ತಿದ್ರು, ಓಡದೇ ಇದ್ದವಳು ಅಜ್ಜಿ ಒಬ್ಬಳೇ. ಮಕ್ಕಳಂತೂ ಊಟ ತಿಂಡಿ ಮರೆತು ಅದೇ ಆಟಕ್ಕೆ ಅಂಟ್ಕೊಂಡವು.

ಈಗ ಪಿನ್ನಿ ವಿಷಯ. ಕಿರೀ ಮಗಳ ಮಗಳು, ಅಸಲಿ ಹೆಸರು ಏನೋ ದೊಡ್ಡದಿತ್ತು, ಅಜ್ಜಿ ಬಾಯಿಗೆ ಅದು ಹಿಡೀತಿರಲಿಲ್ಲ, ಪಿನ್ನಿ ಅಂತಿದ್ಲು. ದೂರದ ಊರಲ್ಲಿ ಬೆಳೆದ ಮಗು, ಮೊದಲನೇ ಸಲ ಬಂದಿದ್ಲು. ಅಡಗಿದ ಪ್ರತಿ ಆಟದಲ್ಲೂ ಅವಳು ಸಿಕ್ಕಿಬೀಳ್ತಿದ್ಲು. ಕಾಲು ಚುರುಕಾಗೇ ಇತ್ತು, ಜಾಗಾನೂ ಒಳ್ಳೆಯದೇ ಹುಡುಕ್ತಿದ್ಲು. ಆದ್ರೆ ಓಡಿ ಬರ್ತಾ ಬರ್ತಾ ಅಜ್ಜಿ ಇನ್ನೇನು ಕೈಗೆ ಸಿಗ್ತಾಳೆ ಅನ್ನುವಾಗ ತಿರುಗಿ ಹಿಂದೆ ನೋಡೋಳು, ನೋಡಿದ್ದೇ ತಡ, ಸಿಕ್ಕಿಬಿದ್ದಳು. ಬೆಳಿಗ್ಗೆ ಕಳ್ಳ ಆದ್ರೆ ಸಂಜೆಗೂ ಅವಳೇ ಕಳ್ಳ.

ಒಂದಿನ ಅಜ್ಜಿ ತಲೆಗೆ ಎಣ್ಣೆ ಹಚ್ತಾ ಇದ್ದಾಗ ಪಿನ್ನಿ ಅಂದ್ಲು, “ಮುಂದಿನ ಸಲ ನಾನು ಬರಲ್ಲ ಅಜ್ಜಿ.”

“ಯಾಕೆ ಕಂದ? ನಮ್ಮ ಸಾರು ಖಾರ ಆಯ್ತಾ?”

“ಸಾರು ಚೆನ್ನಾಗಿದೆ. ಇಲ್ಲಿ ನಾನೊಬ್ಬಳೇ ಕಳ್ಳಿ.”

ಅಜ್ಜಿಗೆ ಮೊದಲು ನಗು ಬಂತು, ಆಮೇಲೆ ಕೈ ಅಲ್ಲೇ ನಿಂತುಹೋಯ್ತು. ಕಿರೀ ಮಗಳು ಬರೋದೇ ಅಪರೂಪ, ಈ ಮಗು ಬರಲ್ಲ ಅಂತ ಹಟ ಹಿಡಿದ್ರೆ ಅವಳೂ ಬರಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಮನೆಗೆ ಬಂದ ಮಗು ಕಳ್ಳಿ ಅನ್ನಿಸಿಕೊಂಡು ವಾಪಸ್ ಹೋಗೋದಾ.

ಅವತ್ತಿಂದ ಅಜ್ಜಿ ಕಳ್ಳಾಟ ಶುರು ಮಾಡಿದ್ಲು. ಪಿನ್ನಿ ಕಣ್ಣು ಮುಚ್ಚುವಾಗ ಬೆರಳ ಸಂದಿ ಬಿಟ್ಟು, ಯಾರ್ಯಾರು ಎಲ್ಲೆಲ್ಲಿ ಹೋಗ್ತಾರೆ ನೋಡ್ಕೊಳ್ಳಲಿ ಅಂತ ಕಾದ್ಲು. ಪಿನ್ನಿ ನೋಡಲೇ ಇಲ್ಲ, ಸಂದಿ ಬಿಟ್ಟಷ್ಟೂ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿದ್ಲು, ಅವಳ ರೆಪ್ಪೆ ಅಜ್ಜಿ ಅಂಗೈಗೆ ಚುಚ್ತಿತ್ತು. ಪಿನ್ನಿ ಅಡಗೋ ಸರದಿ ಬಂದ್ರೆ ಅಜ್ಜಿ ಹಾಡನ್ನ ಎಳೆದೂ ಎಳೆದೂ ಹೇಳೋಳು. “ಅಜ್ಜಿ, ಇದೇನು ಹಾಡೋ ರಬ್ಬರೋ?” ಅಂತ ಓಂಕಾರ ಮಡಿಲಲ್ಲಿ ಮುಖ ಇಟ್ಟುಕೊಂಡೇ ಗೊಣಗೋನು. ಪಿನ್ನಿ ಓಡಿ ಬರುವಾಗಂತೂ ಅಜ್ಜಿ ಕೂತಲ್ಲೇ ಓಡೋಳು, ಕಣ್ಣು ಅಗಲ ಮಾಡೋಳು, ಕುತ್ತಿಗೆ ಚಾಚೋಳು, ‘ಬಂದ ಬಂದ, ಹಿಂದೆ ಬಂದ’ ಅಂತ ಬಾಯಿ ತಾನಾಗೇ ಆಡೋದು. ಏನು ಮಾಡಿದ್ರೂ ಅಷ್ಟೇ, ಕಟ್ಟೆ ಹತ್ರ ಬಂದು ಪಿನ್ನಿ ಸಿಕ್ಕಿಬೀಳೋಳು.

ರಜ ಮುಗೀತು. ಸಂಜೆ ಪಿನ್ನಿಯ ಅಮ್ಮ ಬಂದು ಕರ್ಕೊಂಡು ಹೋಗ್ತಾಳೆ ಅನ್ನೋ ದಿನ, ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಕೊನೇ ಆಟ ಅಂತ ಇಟ್ಟರು. ಓಂಕಾರ ಕಳ್ಳ. ಅವನು ಸಪೋಟ ಗಿಡಗಳ ಕಡೆ ಹುಡುಕ್ತಾ ಹೋದ. ಪಿನ್ನಿ ನೀರಿನ ತೊಟ್ಟಿ ಹಿಂದಿನಿಂದ ಎದ್ದು ಓಟ ಕಿತ್ತಳು. ಓಂಕಾರ ತಿರುಗಿ ನೋಡಿದವನೇ ಬಂದ ನೋಡಿ, ಅವನ ಕಾಲೋ ಕೊಕ್ಕರೆ ಕಾಲು, ಇಬ್ಬರ ನಡುವಿನ ಜಾಗ ಕಣ್ಣೆದುರೇ ಕರಗ್ತಾ ಇತ್ತು. ಅಜ್ಜಿಗೆ ತಡ್ಕೊಳ್ಳೋಕೆ ಆಗಲಿಲ್ಲ. ಮಂಡಿನೋವು ಅಂತ ನೀರಿನ ಲೋಟಕ್ಕೂ ತಾತನ್ನ ಕೂಗೋಳು, ಕಟ್ಟೆಯಿಂದ ದಬಕ್ಕಂತ ಎದ್ದು, ಸೆರಗು ಸಿಕ್ಕಿಸಿ, ಎರಡೂ ಕೈ ಚಾಚಿಕೊಂಡು ಪಿನ್ನಿ ಕಡೆ ಓಡಿಬಿಟ್ಟಳು.

ಪಿನ್ನಿ ಅವಳ ಕೈಯನ್ನ ಮುಟ್ಟಲಿಲ್ಲ. ಒಂದು ಗಳಿಗೆ ಗಾಬರಿಯಾಗಿ ನೋಡಿದ್ಲು, ಅಜ್ಜೀನ ಬಳಸಿಕೊಂಡು ನೇರ ಕಟ್ಟೆಗೆ ಓಡಿದ್ಲು. ಕಟ್ಟೆ ಖಾಲಿ ಇತ್ತು. ಮುಟ್ಟೋಕೆ ಚಾಚಿದ ಕೈ ಹಾಗೇ ಚಾಚಿಕೊಂಡು ನಿಂತಳು. ಹಿಂದಿನಿಂದ ಬಂದು ಓಂಕಾರ ಭುಜ ಮುಟ್ಟಿದ.

ಇಷ್ಟು ದಿನ ಸಿಕ್ಕಿಬಿದ್ರೂ ಅಳದ ಮಗು ಈಗ ಅಳ್ತಾ ಅಜ್ಜಿ ಕಡೆ ತಿರುಗಿದ್ಲು. “ನೀನೇ ಎದ್ದು ಬಂದ್ರೆ ನಾನು ಎಲ್ಲಿಗೆ ಓಡ್ಲಿ ಅಜ್ಜಿ?”

ಅಡಗಿದ್ದವರೆಲ್ಲ ಎದ್ದು ಬಂದು ಅಜ್ಜೀನ ಸುತ್ತುವರಿದ್ರು. ಆಟದಲ್ಲಿ ಅಜ್ಜಿ ಎದ್ದಿದ್ದು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಅಜ್ಜಿ ತಪ್ಪು ಮಾಡಿದವಳ ಹಾಗೆ ಸೆರಗಿನ ತುದಿ ತಿರುಚ್ತಾ ನಿಂತಿದ್ಲು.

ಓಂಕಾರ ತೀರ್ಪು ಕೊಟ್ಟ. “ಅಜ್ಜಿ ಎದ್ದಳು, ಅದಕ್ಕೆ ಈ ಆಟ ಕ್ಯಾನ್ಸಲ್. ನಾನೇ ಇನ್ನೊಂದು ಸಲ ಕಳ್ಳ ಆಗ್ತೀನಿ.” ಆಮೇಲೆ ಅಜ್ಜಿ ಹತ್ರ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದ, “ಅಜ್ಜಿ, ಒಂದು ನಿಜ ಹೇಳ್ಲಾ? ಅವಳು ನನಗಿಂತ ಜೋರಾಗಿ ಓಡ್ತಾಳೆ. ಅವಳು ಬರುವಾಗ ನೀನು ಹೆದರಿದ ಮುಖ ಮಾಡ್ತೀಯ, ಅದನ್ನ ನೋಡಿ ಅವಳು ಹಿಂದೆ ತಿರುಗ್ತಾಳೆ. ನಾನು ಅಷ್ಟಕ್ಕೇ ಕಾಯ್ತಿರ್ತೀನಿ.”

ಅಜ್ಜಿಗೆ ಆಗ ಹೊಳೀತು. ಮೊದಮೊದಲು ಮಗು ಯಾಕೆ ತಿರುಗ್ತಿತ್ತೋ ಯಾರಿಗೆ ಗೊತ್ತು, ಆಮೇಲೆ ತಿರುಗಿಸಿದ್ದೆಲ್ಲ ತಾನೇ.

“ಇನ್ನೊಂದು ಸಲ ಎದ್ರೆ ನಿನ್ನ ತೆಗೆದು ತಾತನ್ನ ಕೂರಿಸ್ತೀವಿ” ಅಂತ ಯಾವುದೋ ಚಿಕ್ಕದು ಹಿಂದಿನಿಂದ ಹೆದರಿಸ್ತು.

ಅಜ್ಜಿ ಹೋಗಿ ಕೂತ್ಕೊಂಡ್ಲು. ಓಂಕಾರನ ಕಣ್ಣು ಮುಚ್ಚಿ, ಎಲ್ಲರಿಗೂ ಹೇಳೋ ಅಷ್ಟೇ ಉದ್ದಕ್ಕೆ ಹಾಡು ಹೇಳಿ, ಬಿಟ್ಟಳು. ಅವನು ಹೋದ ಮೇಲೆ ತನ್ನ ಎರಡೂ ಕೈಗಳನ್ನ ತೊಡೆ ಕೆಳಗೆ ಹಾಕಿ, ಮೇಲೆ ಗಟ್ಟಿಯಾಗಿ ಕೂತಳು. ಆದ್ರೂ ನಂಬಿಕೆ ಬರಲಿಲ್ಲ, ತನ್ನ ಮುಖದ ಮೇಲೇ ನಂಬಿಕೆ ಬರಲಿಲ್ಲ. ನೋಡಿದ್ರೆ ಹೆದರ್ತೀನಿ, ಹೆದರಿದ್ರೆ ಅವಳು ತಿರುಗ್ತಾಳೆ, ಅಂತ ಕಣ್ಣು ಮುಚ್ಚಿಬಿಟ್ಟಳು. ಮಕ್ಕಳನ್ನ ಹೆತ್ತಾಗಲೂ ಅಷ್ಟು ಕಷ್ಟ ಪಟ್ಟಿರಲಿಲ್ಲ ಅಜ್ಜಿ. ಎಲ್ಲೋ ಎಲೆ ಸರಸರ ಅಂದವು. ಹೆಜ್ಜೆ ಸದ್ದು ಎದ್ದಿತು. ಒಬ್ಬರದಾ, ಇಬ್ಬರದಾ, ಮುಂದಿರೋದು ಯಾರದು, ಏನೂ ತಿಳೀತಿರಲಿಲ್ಲ, ಎದ್ದು ಹೋಗು ಹೋಗು ಅಂತ ಮೈಯೆಲ್ಲ ಕೂಗ್ತಿತ್ತು, ಅಂಗೈ ಮೇಲೆ ಕಲ್ಲಿನ ಅಚ್ಚು ಬೀಳೋ ಹಾಗೆ ಒತ್ತಿಕೊಂಡು ಕೂತಿದ್ಲು.

ಹೆಜ್ಜೆ ಎಲ್ಲೂ ತಡೆಯಲಿಲ್ಲ. ಎದೆಗೆ ಬಂದು ಗುದ್ದಿದ ರಭಸಕ್ಕೆ ಅಜ್ಜಿ ಬೆನ್ನು ಹಿಂದಿನ ಗೋಡೆಗೆ ಬಡೀತು.

“ಮುಟ್ದೆ” ಅಂತು ಕುತ್ತಿಗೆ ಹತ್ರ ಒಂದು ದನಿ, ಮೆತ್ತಗೆ.

ಅಜ್ಜಿ ತಕ್ಷಣ ಕಣ್ಣು ಬಿಡಲಿಲ್ಲ. ಬಿಟ್ಟಿದ್ರೆ ನೀರು ಸುರಿದು ಮಗುವಿನ ತಲೆ ಮೇಲೆ ಬೀಳ್ತಿತ್ತು. ತೊಡೆ ಕೆಳಗಿನ ಕೈ ಎಳ್ಕೊಂಡು ಪಿನ್ನೀನ ತಬ್ಬಿದ್ಲು, ಆ ಕೈಯೋ ಜೋಮು ಹಿಡಿದು ತಬ್ಬಿದ್ದೇ ಗೊತ್ತಾಗಲಿಲ್ಲ. ಎದುರಿಗೆ ಓಂಕಾರ ಮಂಡಿ ಹಿಡ್ಕೊಂಡು ಏದುಸಿರು ಬಿಡ್ತಾ, “ಅಬ್ಬ, ಏನು ಓಡ್ತೀಯ ಮಾರಾಯ್ತಿ” ಅಂತ ಮನಸ್ಸಿಂದ ಹೇಳಿದ.

ಸಂಜೆ ಅಮ್ಮ ಬಂದಾಗ ಪಿನ್ನಿ ಚಪ್ಪಲಿ ಸಿಗ್ತಿಲ್ಲ ಅಂತ ಸುಳ್ಳು ಹೇಳಿ ಇನ್ನೂ ಒಂದು ಆಟ ಆಡಿದ್ಲು. ಅಜ್ಜಿ ಎರಡು ದಿನ ಬೆನ್ನಿಗೆ ಎಣ್ಣೆ ಹಚ್ಚಿಸ್ಕೊಂಡ್ಲು, ಯಾಕೆ ನೋವು ಅಂತ ತಾತ ಕೇಳಿದ್ರೆ ಹೇಳಲಿಲ್ಲ.

ಕತೆ ಅಷ್ಟೇ. ಮರುಳಸಿದ್ಧ ಒಂದು ಕಾಳೂ ತಿಂದಿರಲಿಲ್ಲ, ಬೊಗಸೆ ಹಾಗೇ ಹಿಡ್ಕೊಂಡು ಕೂತಿದ್ದ. ಸ್ವಾಮಿಗಳ ಮುಖವನ್ನ ಒಂದು ಸಲ ನೋಡಿದ, ಆ ಮುಚ್ಚಿದ ಕಣ್ಣು ನೆನಪಾಯ್ತೋ ಏನೋ, ಸಿಟ್ಟೆಲ್ಲ ಜಾರಿಹೋಗಿತ್ತು. ಉಳಿದಿದ್ದು ನಾಚಿಕೆ ಮಾತ್ರ.

“ಆದ್ರೆ ಬುದ್ಧೀ, ಆ ಮಗು ಕೊನೆಗೆ ಮುಟ್ಟಿತು. ನಾನು ಹಂಗಲ್ಲ, ನಡುವೆಯೇ ಸೋತು, ಯಾರಿಗೂ ಮುಖ ತೋರಿಸಲಾರದೆ ಓಡಿ ಬಂದುಬಿಟ್ಟಿದ್ದೀನಿ.”

“ಓಡಿ ಎಲ್ಲಿಗೆ ಬಂದೆ ಮರಿ?” ಅಂದ್ರು ಸ್ವಾಮಿಗಳು.